ಹೈಬ್ರಿಡ್ ಕಾರು: ಮೈಲೇಜ್ ಜೊತೆ ಬಳ್ಳಾರಿ ಧೂಳನ್ನೂ ಲೆಕ್ಕ ಹಾಕಿ

ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವ ಕಾರು, ತಗೊಳ್ಳಬಹುದಾ ಎಂದು ವರ್ಕ್‌ಶಾಪಿಗೆ ಬಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಎರಡು: ವರ್ಷಕ್ಕೆ ಎಷ್ಟು ಓಡಿಸ್ತೀರಿ, ಎಲ್ಲಿ ಓಡಿಸ್ತೀರಿ?

ಅದಕ್ಕೂ ಮೊದಲು ಒಂದು ಗೊಂದಲ ಬಗೆಹರಿಯಬೇಕು. ‘ಸ್ಮಾರ್ಟ್ ಹೈಬ್ರಿಡ್’ ಎಂದು ಬರೆದ ಕಾರುಗಳಲ್ಲಿ ಮೋಟಾರ್ ಎಂಜಿನ್ನಿಗೆ ಕೈಜೋಡಿಸುತ್ತದೆ ಅಷ್ಟೆ, ತಾನೊಂದೇ ಗಾಡಿ ಎಳೆಯಲಾರದು. ಇನ್ನೋವಾ ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗಳು ಎಂಜಿನ್ ಆಫ್ ಆಗಿದ್ದರೂ ಓಡುತ್ತವೆ. ನಾನು ಹೇಳುತ್ತಿರುವುದು ಇವುಗಳ ಬಗ್ಗೆ.

ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದು ಬ್ಯಾಟರಿಗೆ ತುಂಬುವುದರಲ್ಲಿ ಇವುಗಳ ದೊಡ್ಡ ಲಾಭ ಇರುವುದು. ಹಾಗಾಗಿ ಬಳ್ಳಾರಿಯ ರಾಯಲ್ ಸರ್ಕಲ್, ಮೋತಿ ಸರ್ಕಲ್ ಸುತ್ತ ನಿಂತು ನಿಂತು ಸಾಗುವವರಿಗೆ ಹೆಚ್ಚು ಉಳಿತಾಯ. ಹೊಸಪೇಟೆ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ದುಡಿಯುವುದು ಬಹುಪಾಲು ಪೆಟ್ರೋಲ್ ಎಂಜಿನ್ನೇ, ಅಲ್ಲಿ ಅಂತರ ಕಡಿಮೆ.

ದುಡ್ಡಿನ ಲೆಕ್ಕ ನೋಡಿ. ಹೈಬ್ರಿಡ್‌ಗೆ ಷೋರೂಮ್ ಬೆಲೆ 3 ಲಕ್ಷ ಹೆಚ್ಚು ಎಂದಿಟ್ಟುಕೊಳ್ಳಿ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ 17% ರಸ್ತೆ ತೆರಿಗೆ, ಅಂದರೆ ಆ 3 ಲಕ್ಷದ ಮೇಲೇ ಇನ್ನೂ 51,000. ಲೀಟರಿಗೆ 15 ಕಿ.ಮೀ. ಕೊಡುವ ಕಾರಿನ ಬದಲು 20 ಕೊಡುವುದು ಬಂತು, ಪೆಟ್ರೋಲ್ 100 ರೂಪಾಯಿ ಎಂದುಕೊಂಡರೂ, ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಉಳಿಯುವುದು 20,000 ರೂಪಾಯಿ. ಹಾಕಿದ ದುಡ್ಡು ವಾಪಸ್ ಬರಲು 17 ವರ್ಷ ದಾಟುತ್ತದೆ. 36,000 ಓಡಿಸುವವರಿಗೆ ಆರು ವರ್ಷ ಸಾಕು. ಭಾನುವಾರ ಮಾತ್ರ ಕಾರು ತೆಗೆಯುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ.

ಇನ್ನು ಷೋರೂಮಿನಲ್ಲಿ ಯಾರೂ ಎತ್ತದ ವಿಷಯ, ಧೂಳು. ಹೈಬ್ರಿಡ್ ಬ್ಯಾಟರಿಗೆ ತಂಪು ಬೇಕು. ಹಲವು ಮಾದರಿಗಳಲ್ಲಿ ಪುಟ್ಟ ಫ್ಯಾನ್ ಒಂದು ಕಾರಿನೊಳಗಿನ ತಣ್ಣನೆ ಗಾಳಿಯನ್ನೇ ಎಳೆದು ಬ್ಯಾಟರಿಗೆ ಊದುತ್ತದೆ. ಆ ಗಾಳಿ ಒಳಹೋಗುವ ಜಾಲರಿ ಸಾಮಾನ್ಯವಾಗಿ ಹಿಂದಿನ ಸೀಟಿನ ಕೆಳಗೋ ಪಕ್ಕದಲ್ಲೋ ಇರುತ್ತದೆ. ಸಂಡೂರು, ತೋರಣಗಲ್ಲು ಕಡೆ ದಿನಾ ಓಡಾಡುವ ಗಾಡಿಯ ಜಾಲರಿ ಬಿಚ್ಚಿದರೆ ಫಿಲ್ಟರ್ ಮೇಲೆ ಅದಿರಿನ ಕೆಂಪು ಧೂಳು ಕುಂಕುಮದ ಹಾಗೆ ಮೆತ್ತಿರುತ್ತದೆ, ಬೆರಳಿಂದ ಗೀರಿದರೆ ಗೆರೆ ಮೂಡುತ್ತದೆ. ಗಾಳಿ ಕಟ್ಟಿದರೆ ಮೊದಲು ಫ್ಯಾನ್ ಸದ್ದು ಏರುತ್ತದೆ. ಆಮೇಲೆ ಬಿಸಿಯಾದ ಬ್ಯಾಟರಿಯ ಮೇಲೆ ಹೊರೆ ಹಾಕದಂತೆ ಕಂಪ್ಯೂಟರ್ ತಡೆಯುತ್ತದೆ, ಎಂಜಿನ್ ಹೆಚ್ಚು ಹೊತ್ತು ಓಡುತ್ತದೆ, ಮೈಲೇಜ್ ಬೀಳುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ಇದನ್ನು ಕಡೆಗಣಿಸುವ ಹಾಗೇ ಇಲ್ಲ. ಗಣಿ ರಸ್ತೆಯಲ್ಲಿ ಗಾಜು ಏರಿಸಿ, ಎಸಿಯನ್ನು ಒಳಗಾಳಿಗೆ ಹಾಕಿಕೊಳ್ಳಿ.

ಆಕ್ಸೆಸರಿ ಆರಿಸುವಾಗಲೂ ಈ ಜಾಲರಿಯೇ ನೆನಪಿರಲಿ. ಬಾಗಿಲಿಂದ ಬಾಗಿಲಿಗೆ ಮುಚ್ಚುವ ದಪ್ಪ 7ಡಿ ಮ್ಯಾಟ್, ಕೆಳಗೆ ಇಳಿಬಿದ್ದ ಸೀಟ್ ಕವರ್, ಹಿಂದೆ ಒತ್ತಿಟ್ಟ ಕಂಬಳಿ, ಚೀಲ ಇವೆಲ್ಲ ಅದನ್ನು ಮುಚ್ಚಿಬಿಡುತ್ತವೆ. ಮುಂದಿನ ಸೀಟಿನಲ್ಲಿ ಸೈಡ್ ಏರ್‌ಬ್ಯಾಗ್ ಇದ್ದರೆ ಅದು ಬಿಚ್ಚಿಕೊಳ್ಳಲು ದಾರಿ ಬಿಟ್ಟು ಹೊಲಿದ ಕವರೇ ಬೇಕು.

ದೊಡ್ಡ ಬ್ಯಾಟರಿ ಇದೆಯಲ್ಲ, ಎಷ್ಟು ಲೈಟು, ಆಂಪ್ಲಿಫೈಯರ್ ಹಾಕಿದರೂ ನಡೆಯುತ್ತದೆ ಎಂಬ ನಂಬಿಕೆ ಬಹಳ ಜನಕ್ಕಿದೆ. ಅದು ತಪ್ಪು. ಇವೆಲ್ಲ ಕರೆಂಟು ಎಳೆಯುವುದು 12 ವೋಲ್ಟಿನ ಚಿಕ್ಕ ಬ್ಯಾಟರಿಯಿಂದ. ಕಾರಿನ ಕಂಪ್ಯೂಟರುಗಳನ್ನು ಎಬ್ಬಿಸುವುದೂ ಅದೇ. ರಾತ್ರಿಯಿಡೀ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಅದನ್ನು ಬರಿದು ಮಾಡಿದರೆ, ದೊಡ್ಡ ಬ್ಯಾಟರಿ ತುಂಬಿದ್ದರೂ ಬೆಳಿಗ್ಗೆ ಗಾಡಿ ‘ರೆಡಿ’ ಆಗುವುದಿಲ್ಲ. ದೊಡ್ಡ ಬ್ಯಾಟರಿಯಿಂದ ಬರುವ ಕಿತ್ತಳೆ ಬಣ್ಣದ ವೈರಿನ ಹತ್ತಿರವಂತೂ ಹೊರಗಿನ ಎಲೆಕ್ಟ್ರಿಷಿಯನ್ ಕೈ ಹೋಗಲೇಬಾರದು, ಅದರಲ್ಲಿರುವುದು ಜೀವ ತೆಗೆಯುವ ವೋಲ್ಟೇಜ್. ಟೊಯೋಟಾ, ಮಾರುತಿ ಎರಡೂ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.60 ಲಕ್ಷ ಕಿ.ಮೀ. ವಾರಂಟಿ ಕೊಡುತ್ತವೆ. ಮೂಲ ವೈರಿಂಗ್ ಕತ್ತರಿಸಿ ಜೋಡಿಸಿದ್ದರೆ ಆ ವಾರಂಟಿಗಾಗಿ ಜಗಳ ಆಡಬೇಕಾಗುತ್ತದೆ. ಬಂಪರ್ ಮುಂದೆ ಹಾಕಿಸುವ ಲೋಹದ ಕಂಬಿಗೆ, ಅಂದರೆ ಬುಲ್ ಬಾರ್‌ಗೆ, ಕಾನೂನಿನಲ್ಲೇ ಅವಕಾಶ ಇಲ್ಲ. ಹೊರಗೆ ಹಾಕಿಸಿದ ದುಬಾರಿ ಸ್ಟೀರಿಯೋ, ಲೈಟುಗಳನ್ನು ವಿಮಾ ಪಾಲಿಸಿಯಲ್ಲಿ ಬರೆಸಿ.

ಡೆಲಿವರಿ ದಿನ ಹಾರ ಹಾಕಿ ಫೋಟೊ ತೆಗೆಸಿಕೊಳ್ಳುವ ಮೊದಲು, ಬ್ಯಾಟರಿಯ ಗಾಳಿ ಫಿಲ್ಟರ್ ಎಲ್ಲಿದೆ ತೋರಿಸಿ ಎಂದು ಕೇಳಿ, ನಿಮ್ಮ ಕೈಯಿಂದಲೇ ಒಮ್ಮೆ ಬಿಚ್ಚಿ ಹಾಕಿ ನೋಡಿ. ಸರ್ವಿಸ್ ಜಾಬ್ ಕಾರ್ಡಿನಲ್ಲಿ ಅದರ ಸ್ವಚ್ಛತೆಯನ್ನು ಪ್ರತಿ ಸಲ ಬರೆಸಿ. ಗಣಿ ರಸ್ತೆಯಲ್ಲಿ ಓಡಾಡುವವರು ಸರ್ವಿಸ್ ಬರುವವರೆಗೂ ಕಾಯದೆ ನಡುವೆ ಒಮ್ಮೆ ತೆಗೆದು ನೋಡಿಸಿ.