ಕಲಬುರಗಿಯ ಬಿಸಿಲಲ್ಲಿ ಪಿಟೋ ಕೊಳವೆ

ವಿಮಾನದ ಮೂಗಿನ ಹತ್ತಿರ, ಮುಂದಕ್ಕೆ ಬಾಯಿ ಮಾಡಿಕೊಂಡ ಒಂದು ಸಣ್ಣ ಕೊಳವೆ ಇರುತ್ತದೆ. ಅದೇ ಪಿಟೋ ಟ್ಯೂಬ್. ಫ್ರಾನ್ಸಿನ ಎಂಜಿನಿಯರ್ ಆನ್ರಿ ಪಿಟೋ 1732ರಲ್ಲಿ ನದಿ ನೀರಿನ ವೇಗ ಅಳೆಯಲು ಇದನ್ನು ಕಂಡುಹಿಡಿದ. ಇವತ್ತು ಪೈಲಟ್‌ಗೆ ವೇಗ ತಿಳಿಸುವುದು ಇದೇ ಕೊಳವೆ.

ಕೊಳವೆಯ ಬಾಯಿಗೆ ನುಗ್ಗಿದ ಗಾಳಿಗೆ ಮುಂದೆ ದಾರಿ ಇಲ್ಲ, ನಿಂತುಬಿಡುತ್ತದೆ. ನಿಂತ ಗಾಳಿಯ ಓಟದ ಶಕ್ತಿ ಒತ್ತಡವಾಗಿ ಬದಲಾಗುತ್ತದೆ. ಡೇನಿಯಲ್ ಬರ್ನೂಲಿ 1738ರಲ್ಲಿ ಮುಂದಿಟ್ಟ ತತ್ವದ ತಿರುಳು ಇದೇ. ವಿಮಾನದ ಪಕ್ಕದಲ್ಲಿರುವ ಸ್ಟ್ಯಾಟಿಕ್ ಪೋರ್ಟ್ ಎಂಬ ತೂತಿಗೆ ಸುತ್ತಲಿನ ಗಾಳಿಯ ಒತ್ತಡ ಮಾತ್ರ ಸಿಗುತ್ತದೆ. ಎರಡರ ವ್ಯತ್ಯಾಸವನ್ನೇ ಮೀಟರ್ ವೇಗವಾಗಿ ತೋರಿಸುತ್ತದೆ. ಈ ವ್ಯತ್ಯಾಸ ಎಷ್ಟು ಗೊತ್ತಾ? ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಅಂದರೆ ಗಾಳಿ ತೆಳುವಾದರೆ, ಅದೇ ಅಂಕಿ ಬರಲು ವಿಮಾನ ಇನ್ನೂ ಜೋರಾಗಿ ಓಡಬೇಕು.

ಈಗ ನಮ್ಮೂರಿಗೆ ಬನ್ನಿ. ಸಮುದ್ರ ಮಟ್ಟದಲ್ಲಿ, 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ 1.225 ಕೆಜಿ ತೂಗುತ್ತದೆ. ಕಲಬುರಗಿ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಬಿಸಿಲಿದ್ದರೆ ಇಲ್ಲಿ ಅಷ್ಟೇ ಗಾಳಿಯ ತೂಕ ಸುಮಾರು 1.06 ಕೆಜಿ. ಮೀಟರ್ 120 ನಾಟ್ ತೋರಿಸಿದಾಗ ನೆಲ ಬಿಡುವ ವಿಮಾನ ಅಂದುಕೊಳ್ಳಿ. ಸಮುದ್ರ ಮಟ್ಟದ ತಂಪಿನಲ್ಲಿ ಅದು ಗಂಟೆಗೆ 222 ಕಿಲೋಮೀಟರ್ ವೇಗ. ನಮ್ಮ ಬಿಸಿಲಲ್ಲಿ, ಗಾಳಿ ಬೀಸದಿದ್ದರೆ, ಸುಮಾರು 239.

ಹಾಗಂತ ಮೀಟರ್ ತಪ್ಪು ಹೇಳುತ್ತಿದೆ ಅನ್ನಬೇಡಿ. ರೆಕ್ಕೆಗೆ ಸಿಗುವ ಎತ್ತುವ ಬಲವೂ ಇದೇ ಒತ್ತಡವನ್ನೇ ನಂಬಿದೆ. ರೆಕ್ಕೆಗೆ ಏನು ಬೇಕೋ ಅದನ್ನೇ ಕೊಳವೆ ಅಳೆಯುತ್ತದೆ. ಕಾಕ್‌ಪಿಟ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ಆದರೆ ರನ್‌ವೇಗೆ ಲೆಕ್ಕ ಬೇರೆ. ಅದೇ ತೂಕದ ವಿಮಾನವನ್ನು ಆ ವೇಗಕ್ಕೆ ತರಲು ಸುಮಾರು ಶೇ 15ರಷ್ಟು ಜಾಸ್ತಿ ಶಕ್ತಿ ಬೇಕು. ತೆಳು ಗಾಳಿಯಲ್ಲಿ ಎಂಜಿನ್ ತಳ್ಳುವ ಬಲವೂ ಕುಗ್ಗುತ್ತದೆ. ಹೀಗಾಗಿ ಓಟ ಉದ್ದವಾಗುತ್ತದೆ. 2019ರಲ್ಲಿ ಶುರುವಾದ ನಮ್ಮ ನಿಲ್ದಾಣದ ರನ್‌ವೇ 3 ಕಿಲೋಮೀಟರ್‌ಗಿಂತ ಜಾಸ್ತಿ ಉದ್ದವಿದೆ, ಅದು ದೊಡ್ಡ ಅನುಕೂಲ. ರನ್‌ವೇ ಚಿಕ್ಕದಿರುವ ಕಡೆ ಬೇಸಿಗೆಯಲ್ಲಿ ಸರಕು ಅಥವಾ ಪ್ರಯಾಣಿಕರನ್ನು ಕಡಿಮೆ ಮಾಡಬೇಕಾಗುತ್ತದೆ. ಸೀಟು ಖಾಲಿ ಇದ್ದರೂ ಟಿಕೆಟ್ ಸಿಗದಿದ್ದರೆ ಇದೂ ಒಂದು ಕಾರಣ ಇರಬಹುದು.

ಕೊಳವೆ ಮುಚ್ಚಿಕೊಂಡರೆ? ಒಳಗಿನ ಒತ್ತಡ ಅಲ್ಲೇ ಸಿಕ್ಕಿಬೀಳುತ್ತದೆ. ಮೇಲೇರುತ್ತಾ ಹೊರಗಿನ ಒತ್ತಡ ಇಳಿಯುತ್ತದೆ. ವ್ಯತ್ಯಾಸ ಬೆಳೆಯುತ್ತದೆ, ಮೀಟರ್ ನಿಜಕ್ಕಿಂತ ಜಾಸ್ತಿ ವೇಗ ತೋರಿಸುತ್ತದೆ. ಅದನ್ನು ನಂಬಿ ವೇಗ ಇಳಿಸಿದರೆ ರೆಕ್ಕೆಗೆ ಎತ್ತುವ ಬಲ ಸಾಲದಾಗುತ್ತದೆ. 1996ರಲ್ಲಿ ಡೊಮಿನಿಕನ್ ಗಣರಾಜ್ಯದಿಂದ ಹೊರಟ ಒಂದು ಬೋಯಿಂಗ್ 757 ಹೀಗೇ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 189 ಜನರೂ ತೀರಿಕೊಂಡರು. ಮಣ್ಣಿನ ಗೂಡು ಕಟ್ಟುವ ಕಣಜದ ಹುಳುವೇ ಕೊಳವೆ ಮುಚ್ಚಿರಬೇಕು ಎಂಬ ಸಂಶಯ ಬಲವಾಗಿತ್ತು. ವಿಮಾನ ಕೆಲವು ದಿನ ಕವರ್ ಇಲ್ಲದೆ ನಿಂತಿತ್ತು. ಅಂಥ ಗೂಡುಗಳು ನಮ್ಮ ಕಡೆ ಗೋಡೆ, ಕಿಟಕಿ ಮೂಲೆಗಳಲ್ಲೂ ಕಾಣುತ್ತವೆ ಅಲ್ವಾ? ಅದಕ್ಕೇ ವಿಮಾನ ನಿಲ್ಲಿಸಿದ ಮೇಲೆ ಕೊಳವೆಗೆ ಕೆಂಪು ಪಟ್ಟಿಯ ಕವರ್ ಹಾಕುತ್ತೇವೆ. ಹೊರಡುವ ಮುನ್ನ ತೆಗೆದು, ಬಾಯಿಗೆ ಟಾರ್ಚ್ ಬಿಟ್ಟು ನೋಡುತ್ತೇವೆ.