ಮರಳಿನಿಂದ ಕಾರ್ಡಿನವರೆಗೆ: ಚಿಕ್ಕ ಮಕ್ಕಳ ಕ್ಲಾಸಿಗೆ 'ಚಟುವಟಿಕೆ' ಬಂದ ಕಥೆ

ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ನೆಲದ ಮೇಲೆ ಕಡ್ಡಿ ಹರಡಿಕೊಂಡು ಕೂತಿದ್ದಾಳೆ ಅಂದುಕೊಳ್ಳಿ. 23ಕ್ಕೆ 19 ಕೂಡಿಸಬೇಕು. ಒಂದು ಕಡೆ ಹತ್ತು ಹತ್ತು ಕಡ್ಡಿಯ ಎರಡು ಕಟ್ಟು, ಮೂರು ಬಿಡಿ. ಇನ್ನೊಂದು ಕಡೆ ಒಂದು ಕಟ್ಟು, ಒಂಬತ್ತು ಬಿಡಿ. ಬಿಡಿ ಕಡ್ಡಿಗಳನ್ನೆಲ್ಲ ಒಟ್ಟು ಮಾಡುತ್ತಾಳೆ. ಅದರಲ್ಲಿ ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕುತ್ತಾಳೆ. ಈಗ ನಾಲ್ಕು ಕಟ್ಟು, ಎರಡು ಬಿಡಿ. "ನಲವತ್ತೆರಡು!" ಅಂತ ಕೂಗುತ್ತಾಳೆ. ಸರಿಯಾಗಿದೆ. ಆಮೇಲೆ ನೋಟ್‌ಬುಕ್ ತೆಗೆದು ಅದೇ ಲೆಕ್ಕ ಬರೆಯುತ್ತಾಳೆ. ಮೂರು, ಒಂಬತ್ತು ಹನ್ನೆರಡು. ಎರಡು, ಒಂದು ಮೂರು. ಉತ್ತರ 312.

ಚಿಕ್ಕ ಮಕ್ಕಳಿಗೆ ಪಾಠ ಮಾಡುವವರಿಗೆ ಈ 312 ಹಳೆಯ ಪರಿಚಯ. ಚಟುವಟಿಕೆ ಮುಗಿದಿದೆ, ಕಲಿಕೆ ಮಾತ್ರ ಅರ್ಧ ದಾರಿಯಲ್ಲಿ ನಿಂತಿದೆ. ಚಟುವಟಿಕೆಯಿಂದ ಕಲಿಸುವುದು ಇತ್ತೀಚೆಗೆ ಬಂದ ಫ್ಯಾಷನ್ ಅಂತ ತುಂಬ ಜನ ತಿಳಿದಿದ್ದಾರೆ. ಅದಕ್ಕೆ ಇನ್ನೂರು ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ. ಅರ್ಧ ದಾರಿಯಲ್ಲಿ ನಿಲ್ಲುವ ಈ ತೊಂದರೆಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು.

ಮೊದಲು ಶಾಲೆ ಹೇಗಿತ್ತು? ಯುರೋಪಿನ ಹಳೆಯ ಶಾಲೆಗಳಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಮೇಷ್ಟ್ರ ಮುಂದೆ ಹೋಗಿ ಪಾಠ ಒಪ್ಪಿಸಬೇಕಿತ್ತು. ಉಳಿದವರು ತಮ್ಮ ಸರದಿ ಬರುವ ತನಕ ಸುಮ್ನೆ ಕೂತಿರಬೇಕು. 1658ರಲ್ಲಿ ಕೊಮೇನಿಯಸ್ ಎಂಬ ಶಿಕ್ಷಣತಜ್ಞ ಮಕ್ಕಳಿಗಾಗಿ ಚಿತ್ರಗಳಿರುವ ಪಠ್ಯಪುಸ್ತಕ ತಂದ. ನ್ಯೂರೆಂಬರ್ಗಿನಲ್ಲಿ ಅಚ್ಚಾದ ಪುಸ್ತಕ ಅದು. ಪದದ ಪಕ್ಕದಲ್ಲಿ ವಸ್ತುವಿನ ಚಿತ್ರವಾದರೂ ಇರಲಿ ಅನ್ನುವುದು ಅವನ ಆಸೆ. ಆದರೂ ಮಗುವಿನ ಕೈಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ.

ಕೈಗೆ ಕೆಲಸ ಸಿಕ್ಕಿದ ಕಥೆಯಲ್ಲಿ ಮದ್ರಾಸಿಗೂ ಒಂದು ಜಾಗ ಇದೆ. 1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಅಲ್ಲಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಮಕ್ಕಳ ಶಾಲೆಯ ಮೇಲ್ವಿಚಾರಕನಾದ. ಒಂದು ದಿನ ದಾರಿಯಲ್ಲಿ ಹೋಗುವಾಗ ಊರ ಶಾಲೆಯೊಂದರ ಮಕ್ಕಳು ನೆಲದಲ್ಲಿ ಕೂತು ಮರಳಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದನ್ನು ನೋಡಿದ. ತನ್ನ ಶಾಲೆಯಲ್ಲೂ ಹೀಗೇ ಮಾಡಿ ಅಂತ ಮೇಷ್ಟ್ರುಗಳಿಗೆ ಹೇಳಿದ. ಅವರಿಗೆ ಇದು ರುಚಿಸಲಿಲ್ಲ. ಬೆಲ್ 8 ವರ್ಷದ ಒಬ್ಬ ಹುಡುಗನನ್ನು ಕರೆದು, ಅಕ್ಷರ ಕಲಿಯುವ ಮಕ್ಕಳ ಗುಂಪನ್ನೇ ಅವನಿಗೆ ಒಪ್ಪಿಸಿದ. ಹುಡುಗ ಕಲಿಸಿಯೇಬಿಟ್ಟ!

ಬೆಲ್ ಇಂಗ್ಲೆಂಡಿಗೆ ವಾಪಸ್ಸಾಗಿ 1797ರಲ್ಲಿ ಈ ಪ್ರಯೋಗದ ವರದಿ ಅಚ್ಚು ಹಾಕಿಸಿದ. ಮರುವರ್ಷ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಇದೇ ಬಗೆಯ ಶಾಲೆ ಶುರುಮಾಡಿದ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಪದ್ಧತಿ. ಒಂದೇ ಹಾಲಿನಲ್ಲಿ ನೂರಾರು ಮಕ್ಕಳು, ಒಬ್ಬ ಮೇಷ್ಟ್ರು. ಮುಂದಿನ ಸಾಲಿನ ಮೇಜಿನ ಮೇಲೆ ಮರಳಿನ ತಟ್ಟೆ. ಸಣ್ಣ ನಾಯಕ ಅಕ್ಷರ ತೋರಿಸಿದ ಕೂಡಲೇ ಸಾಲಿನವರೆಲ್ಲ ಒಟ್ಟಿಗೆ ಬರೆಯಬೇಕು. ಮರಳು ಸಮ ಮಾಡು, ಮತ್ತೆ ಬರೆ. ಕಾಗದದ ಖರ್ಚಿಲ್ಲ, ಯಾರೂ ಖಾಲಿ ಕೂರುವುದಿಲ್ಲ. ಇದನ್ನು ಅಗ್ಗದ ವ್ಯವಸ್ಥೆ ಅಂತ ಸಾರಾಸಗಟಾಗಿ ತಳ್ಳಿಹಾಕುವವರಿದ್ದಾರೆ. ನನಗೆ ಅಷ್ಟು ಕಠಿಣವಾಗಲು ಮನಸ್ಸಿಲ್ಲ. ಮಗುವೇ ಮಗುವಿಗೆ ಕಲಿಸಬಹುದು ಅನ್ನುವುದು ಸಣ್ಣ ಮಾತಲ್ಲ. ಆದರೆ ಯಾವ ಅಕ್ಷರ, ಯಾವಾಗ, ಎಷ್ಟು ಸಲ ಅನ್ನುವುದೆಲ್ಲ ಮೊದಲೇ ನಿಗದಿ. ಬೆರಳು ಓಡುತ್ತಿತ್ತು, ಪ್ರಶ್ನೆ ಕೇಳಲು ಪುರುಸೊತ್ತು ಇರಲಿಲ್ಲ.

ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಸ್ಟಾನ್ಸ್ ಪಟ್ಟಣದಲ್ಲಿ ಪೆಸ್ಟಲಾಜಿ ಎಂಬ ಶಿಕ್ಷಣತಜ್ಞ ಬೇರೆಯೇ ದಾರಿ ಹಿಡಿದಿದ್ದ. ಫ್ರೆಂಚ್ ಸೈನ್ಯದ ದಾಳಿಯಲ್ಲಿ ಅನಾಥರಾದ ಸುಮಾರು 80 ಮಕ್ಕಳು 1799ರಲ್ಲಿ ಅವನ ಪಾಲಿಗೆ ಬಂದರು. ಪುಸ್ತಕ ಇಲ್ಲ, ಸಲಕರಣೆ ಇಲ್ಲ. ಕಣ್ಣೆದುರು ಇದ್ದದ್ದನ್ನೇ ತೋರಿಸಿ, ಎಣಿಸಿ, ಅದರ ಬಗ್ಗೆ ಮಾತಾಡಿಸಿ ಕಲಿಸಿದ. ಮೊದಲು ವಸ್ತು, ಆಮೇಲೆ ಅದರ ಹೆಸರು, ಕೊನೆಗೆ ನಿಯಮ. ಇಂದಿನ ಶಿಕ್ಷಕರ ತರಬೇತಿಯಲ್ಲಿ ಹೇಳುವ 'ಮೂರ್ತದಿಂದ ಅಮೂರ್ತಕ್ಕೆ' ಅನ್ನುವ ಮಾತಿನ ಬೇರು ಇಲ್ಲಿದೆ.

ಈ ಐಡಿಯಾ ಇಂಗ್ಲೆಂಡ್ ತಲುಪಿದಾಗ ಏನಾಯಿತು ನೋಡಿ. 1830ರ ಸುಮಾರಿಗೆ ಎಲಿಜಬೆತ್ ಮೇಯೋ ಶಿಕ್ಷಕರಿಗಾಗಿ 'ವಸ್ತು ಪಾಠ'ಗಳ ಕೈಪಿಡಿ ಬರೆದಳು. ಮೊದಲ ಪಾಠ ಗಾಜಿನದು. ಒಂದು ಚೂರು ಗಾಜನ್ನು ಮಕ್ಕಳ ಕೈಗೆ ಕೊಟ್ಟು ಅದರ ಗುಣಗಳನ್ನು ಹೇಳಿಸಬೇಕು. ತಣ್ಣಗಿದೆ, ನುಣುಪಾಗಿದೆ, ಗಟ್ಟಿಯಾಗಿದೆ, ಪಾರದರ್ಶಕವಾಗಿದೆ, ಬೇಗ ಒಡೆಯುತ್ತದೆ. ಒಳ್ಳೆಯ ಪಾಠವೇ, ಅಲ್ವಾ? ಆದರೆ ಗುಣಗಳ ಪಟ್ಟಿ ಪುಸ್ತಕದಲ್ಲಿ ಅಚ್ಚಾದ ಮೇಲೆ ಗಾಜು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎಷ್ಟೋ ಕ್ಲಾಸುಗಳಲ್ಲಿ ಮಕ್ಕಳು 'ಪಾರದರ್ಶಕ' ಅಂತ ರಾಗವಾಗಿ ಒಪ್ಪಿಸುವುದೇ ಪಾಠವಾಯಿತು. ಬಾಯಿಪಾಠ ತಪ್ಪಿಸಲು ತಂದ ಗಾಜೂ ಬಾಯಿಪಾಠವಾಗಿಹೋಯಿತು.

ಪೆಸ್ಟಲಾಜಿಯ ಜೊತೆ ಎರಡು ವರ್ಷ ಇದ್ದು ಬಂದವನು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. 1837ರಲ್ಲಿ ಬ್ಲಾಂಕೆನ್‌ಬರ್ಗಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಜಾಗ ಮಾಡಿದ. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಅಂತ ಹೆಸರಿಟ್ಟ. ಆಟವೇ ಆ ವಯಸ್ಸಿನ ಮಗುವಿನ ನಿಜವಾದ ಕೆಲಸ ಅಂತ ಗಟ್ಟಿಯಾಗಿ ನಂಬಿದವನು. ಅವನು ಮಾಡಿದ ಆಟದ ಸಾಮಾನುಗಳಿಗೆ 'ಉಡುಗೊರೆ' ಅಂತಲೇ ಹೆಸರು. ಮೊದಲನೆಯದು ಆರು ಬಣ್ಣದ ಉಣ್ಣೆ ಚೆಂಡು. ಎರಡನೆಯದು ಮರದ ಗೋಳ, ಘನ, ಸಿಲಿಂಡರ್. ಮೂರನೆಯದು ನನಗೆ ಬಲು ಇಷ್ಟ. ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಒಂದು ಮರದ ಘನ. ಮುಚ್ಚಳ ಸರಿಸಿ, ಪೆಟ್ಟಿಗೆ ಬೋರಲು ಹಾಕಿ ಮೇಲೆತ್ತಿದರೆ ಘನ ಇಡಿಯಾಗಿ ನಿಂತಿರುತ್ತದೆ. ಮುಟ್ಟಿದರೆ ಎಂಟು ಚಿಕ್ಕ ಘನಗಳಾಗಿ ಬಿಡಿಯಾಗುತ್ತದೆ. ಬಿಡಿಸು, ಮನೆ ಕಟ್ಟು, ಕುರ್ಚಿ ಮಾಡು, ಮತ್ತೆ ಜೋಡಿಸಿ ಇಡಿಯಾಗಿಸು. ಅರ್ಧ, ಕಾಲು, ಎಂಟನೇ ಒಂದು ಭಾಗ ಎಲ್ಲವೂ ಆ ಕೈಯಳತೆಯ ಘನದಲ್ಲಿವೆ. ಆ ಪದಗಳನ್ನು ಯಾರೂ ಇನ್ನೂ ಹೇಳಿಕೊಟ್ಟಿಲ್ಲ, ಅಷ್ಟೇ.

ಇಂಥ ನಿರುಪದ್ರವಿ ಆಟವನ್ನೂ 1851ರಲ್ಲಿ ಪ್ರಷ್ಯಾ ಸರಕಾರ ನಿಷೇಧಿಸಿತು. ನಾಸ್ತಿಕತೆ, ಸಮಾಜವಾದ ಹರಡುತ್ತಿದೆ ಅನ್ನುವ ಗುಮಾನಿ. ಫ್ರೋಬೆಲನ ಅಣ್ಣನ ಮಗ ಬರೆದದ್ದನ್ನು ಇವನದ್ದೆಂದು ತಿಳಿದು ಗೊಂದಲವೂ ಆಗಿತ್ತಂತೆ. ಮರುವರ್ಷ ಫ್ರೋಬೆಲ್ ತೀರಿಕೊಂಡ. 1860ರಲ್ಲಿ ನಿಷೇಧ ತೆಗೆಯುವಷ್ಟರಲ್ಲಿ ಅವನ ಶಿಷ್ಯೆಯರು ಈ ಪದ್ಧತಿಯನ್ನು ಬೇರೆ ದೇಶಗಳಿಗೆ ಕೊಂಡೊಯ್ದಿದ್ದರು. ಅಮೆರಿಕದಲ್ಲಿ 1856ರಲ್ಲಿ ಮೊದಲ ಕಿಂಡರ್‌ಗಾರ್ಟನ್ ಶುರುವಾಯಿತು. 1873ರಲ್ಲಿ ಸೇಂಟ್ ಲೂಯಿಯ ಸಾರ್ವಜನಿಕ ಶಾಲೆಯೊಳಕ್ಕೂ ಬಂತು.

ಅಲ್ಲಿ ಮತ್ತೆ ಹಳೆಯ ಕಥೆ. ಮಕ್ಕಳ ಮೇಜುಗಳ ಮೇಲೆ ಒಂದೊಂದು ಅಂಗುಲಕ್ಕೆ ಗೆರೆ ಎಳೆದು ಚೌಕಗಳನ್ನು ಮಾಡಿದರು. ಟೀಚರ್ ಹೇಳಿದ ಚೌಕದಲ್ಲಿ ಹೇಳಿದ ಘನ ಇಡಬೇಕು. ಎಲ್ಲರ ಪೆಟ್ಟಿಗೆಯೂ ಒಂದೇ ಸಲ ತೆರೆಯಬೇಕು, ಎಲ್ಲರ ಮನೆಯೂ ಒಂದೇ ಥರ ಇರಬೇಕು. ಇದಕ್ಕೆ ಫ್ರೋಬೆಲನೂ ಸ್ವಲ್ಪ ಹೊಣೆ. ಉಡುಗೊರೆಗಳ ಕ್ರಮ, ಬಳಸುವ ರೀತಿ ಎಲ್ಲವನ್ನೂ ಅತಿ ವಿವರವಾಗಿ ಬರೆದಿಟ್ಟವನು ಅವನೇ.

ಇತ್ತ ಇಂಗ್ಲೆಂಡಿನಲ್ಲಿ 1862ರಿಂದ ಶಾಲೆಯ ಅನುದಾನವನ್ನು ಮಕ್ಕಳ ಹಾಜರಿ ಮತ್ತು ಓದು, ಬರಹ, ಲೆಕ್ಕದ ಪರೀಕ್ಷೆಗೆ ಕಟ್ಟಿಹಾಕಿದರು. ಪರೀಕ್ಷಕ ಬರುವ ದಿನಕ್ಕೆ ಮಕ್ಕಳು ಇಡೀ ಪುಸ್ತಕ ಉರು ಹೊಡೆದಿರುತ್ತಿದ್ದರು. ಅಲ್ಲಿ ಚಟುವಟಿಕೆಗೆ ಎಲ್ಲಿಂದ ಜಾಗ? ಆ ಶತಮಾನದ ಕೊನೆಯಲ್ಲಿ ಈ ಪದ್ಧತಿಯನ್ನು ಕೈಬಿಟ್ಟರು.

ಬೆಂಚಿನ ಕಥೆಯನ್ನೂ ಹೇಳಲೇಬೇಕು. 1896ರಲ್ಲಿ ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ ಶಿಕಾಗೋದಲ್ಲಿ ಪ್ರಯೋಗಶಾಲೆಯಂಥ ಒಂದು ಶಾಲೆ ತೆರೆದ. ಅದಕ್ಕೆ ಮೇಜು ಕುರ್ಚಿ ಬೇಕಾಗಿ ಅಂಗಡಿ ಅಂಗಡಿ ಸುತ್ತಿದನಂತೆ. ಯಾವುದೂ ಸರಿಹೊಂದಲಿಲ್ಲ. ಕೊನೆಗೆ ಒಬ್ಬ ವ್ಯಾಪಾರಿ ವಿಷಯ ಹಿಡಿದ: ನಿಮಗೆ ಬೇಕಿರುವುದು ಮಕ್ಕಳು ಕೆಲಸ ಮಾಡುವ ಮೇಜು, ನಮ್ಮಲ್ಲಿರುವುದೆಲ್ಲ ಪಾಠ ಕೇಳಿಸಿಕೊಳ್ಳುವ ಮೇಜು. ಸಾಲಾಗಿ ಮೊಳೆ ಹೊಡೆದು ಕೂರಿಸಿದ ಬೆಂಚಿನಲ್ಲಿ ಮಗು ಮುಂದಿನವರ ಬೆನ್ನು ಮಾತ್ರ ನೋಡಬಹುದು. ಡ್ಯೂಯಿಯ ಶಾಲೆಯಲ್ಲಿ ಮಕ್ಕಳು ಅಡುಗೆ ಮಾಡಿದರು, ನೂಲು ತೆಗೆದರು, ಮರಗೆಲಸ ಮಾಡಿದರು. ಅಳತೆ, ಲೆಕ್ಕ, ಇತಿಹಾಸ ಆ ಕೆಲಸದ ನಡುವೆಯೇ ಬಂದವು. ಆದರೆ ಅಲ್ಲಿ ಮಕ್ಕಳು ಕಡಿಮೆ, ಕಲಿಸುವವರು ಜಾಸ್ತಿ. ಎಲ್ಲ ಕಡೆ ಹಾಗೆ ಸಿಗುವುದಿಲ್ಲವಲ್ಲ.

ಮರಳು ಮತ್ತೆ ಕಾಣಿಸುವುದು ರೋಮಿನಲ್ಲಿ. ಮಾರಿಯಾ ಮಾಂಟೆಸ್ಸರಿ ವೈದ್ಯೆ. ಬೌದ್ಧಿಕ ತೊಂದರೆ ಇರುವ ಮಕ್ಕಳಿಗಾಗಿ ಫ್ರಾನ್ಸಿನ ಇಟಾರ್ ಮತ್ತು ಸೆಗಾನ್ ಮಾಡಿದ್ದ ಸಾಮಾನುಗಳನ್ನು ಅಭ್ಯಾಸ ಮಾಡಿದ್ದಳು. 1907ರ ಜನವರಿ 6ರಂದು ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ 'ಮಕ್ಕಳ ಮನೆ' ಶುರುವಾಯಿತು. ಅವಳ ಅಕ್ಷರಗಳು ಮರಳುಕಾಗದದವು. ನುಣುಪಾದ ಹಲಗೆಯ ಮೇಲೆ ಅಕ್ಷರದ ಆಕಾರದ ಮರಳುಕಾಗದ ಅಂಟಿಸಿರುತ್ತದೆ. ಮಗು ಎರಡು ಬೆರಳಿನಿಂದ ಅದನ್ನು ಸವರುತ್ತಾ ಧ್ವನಿ ಹೇಳುತ್ತದೆ. ಬೆರಳು ಗೆರೆ ತಪ್ಪಿದರೆ ನುಣುಪು ಹತ್ತುತ್ತದೆ, ತಪ್ಪಿದ್ದು ಮಗುವಿಗೇ ತಿಳಿಯುತ್ತದೆ. ಮದ್ರಾಸಿನ ಮರಳಿನಲ್ಲಿ ತಪ್ಪು ಹುಡುಕಲು ಇನ್ನೊಬ್ಬರು ಬೇಕಿತ್ತು. ಇಲ್ಲಿ ಬೇಡ. ಒಂದು ನೂರು ವರ್ಷದಲ್ಲಿ ಆದ ಬದಲಾವಣೆ ಈ ಒಂದು ಹಲಗೆಯಲ್ಲಿ ಕಾಣುತ್ತದೆ.

ಲೆಕ್ಕಕ್ಕೆ ಚಿನ್ನದ ಬಣ್ಣದ ಮಣಿಗಳು. ಒಂದು ಬಿಡಿ ಮಣಿ. ಹತ್ತು ಮಣಿ ಪೋಣಿಸಿದ ಒಂದು ತಂತಿ. ಅಂಥ ಹತ್ತು ತಂತಿ ಸೇರಿದ ಚೌಕ ನೂರು. ಹತ್ತು ಚೌಕ ಸೇರಿದ ಘನ ಸಾವಿರ. ಸಾವಿರ ಎಷ್ಟು ಭಾರ ಅಂತ ಕೈಯಲ್ಲೇ ಗೊತ್ತಾಗುತ್ತದೆ. ಏನು ತೆಗೆದುಕೊಳ್ಳಬೇಕು ಅನ್ನುವುದು ಮಗುವಿನ ಇಷ್ಟ. ಸಾಮಾನನ್ನು ಒಂದೇ ಸರಿಯಾದ ರೀತಿಯಲ್ಲಿ ಬಳಸಬೇಕು, ಕಲ್ಪನೆಗೆ ಜಾಗ ಎಲ್ಲಿದೆ ಅಂತ ಅಮೆರಿಕದ ಶಿಕ್ಷಣತಜ್ಞ ಕಿಲ್‌ಪ್ಯಾಟ್ರಿಕ್ 1914ರಲ್ಲೇ ಆಕ್ಷೇಪ ಎತ್ತಿದ. ಅದರಲ್ಲಿ ಹುರುಳಿಲ್ಲ ಅಂತ ಹೇಳಲಾಗದು. 1939ರಲ್ಲಿ ಭಾರತಕ್ಕೆ ಬಂದ ಮಾಂಟೆಸ್ಸರಿ ಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿದಳು. ಕೊಡೈಕನಾಲಿನಲ್ಲಿದ್ದಾಗ ಆರು ವರ್ಷ ದಾಟಿದ ಮಕ್ಕಳ ಕಲಿಕೆಯನ್ನು ವಿಸ್ತಾರವಾಗಿ ಬೆಳೆಸಿದಳು.

ಮುಂದಿನದು ಬೇಗ ಬೇಗ. 1952ರಲ್ಲಿ ಬೆಲ್ಜಿಯಂನ ಮೇಷ್ಟ್ರು ಜಾರ್ಜ್ ಕ್ವಿಸೆನೇರ್ ಒಂದರಿಂದ ಹತ್ತು ಸೆಂಟಿಮೀಟರ್ ಉದ್ದದ, ಲೆಕ್ಕ ಕಲಿಸುವ ಬಣ್ಣದ ಕೋಲುಗಳನ್ನು ಜಗತ್ತಿಗೆ ತೋರಿಸಿದ. ಚಿಕ್ಕ ಮಗುವಿನ ಮುಂದೆ ಒಂದೇ ಸಂಖ್ಯೆಯ ಗುಂಡಿಗಳನ್ನು ಎರಡು ಸಾಲು ಇಟ್ಟು, ಒಂದು ಸಾಲನ್ನು ಅಗಲಿಸಿದರೆ ಅಲ್ಲಿ ಜಾಸ್ತಿ ಇದೆ ಅನ್ನುತ್ತದೆ ಎಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ತೋರಿಸಿದ. 1967ರಲ್ಲಿ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳ ಬಗೆಗಿನ ಪ್ಲೌಡನ್ ವರದಿ, ಶಿಕ್ಷಣದ ಕೇಂದ್ರದಲ್ಲಿ ಮಗು ಇರಬೇಕು ಅಂತ ಸಾರಿತು. ಬೆಂಚುಗಳ ಸಾಲು ಮುರಿದು ಗುಂಪು ಮೇಜುಗಳು ಬಂದವು. ಅಲ್ಲಿ ಏನು ನಡೆಯುತ್ತಿದೆ ಅಂತ ಲೆಸ್ಟರ್ ವಿಶ್ವವಿದ್ಯಾಲಯದವರು ಕ್ಲಾಸಿನಲ್ಲಿ ಕೂತು ದಾಖಲಿಸಿದರು. 1980ರಲ್ಲಿ ಬಂದ ಫಲಿತಾಂಶ ಸ್ವಲ್ಪ ತಮಾಷೆಯಾಗಿದೆ: ಮಕ್ಕಳು ಗುಂಪಾಗಿ ಕೂತಿದ್ದರು, ಹೆಚ್ಚಿನ ಹೊತ್ತು ಒಬ್ಬೊಬ್ಬರೇ ತಮ್ಮ ತಮ್ಮ ಹಾಳೆಯಲ್ಲಿ ಕೆಲಸ ಮಾಡುತ್ತಿದ್ದರು. ಇನ್ನೊಂದು ಕಹಿ ಸುದ್ದಿ ಅಮೆರಿಕದಿಂದ ಬಂತು. 1968ರಲ್ಲಿ ಶುರುವಾದ 'ಫಾಲೋ ಥ್ರೂ' ಎಂಬ ದೊಡ್ಡ ಯೋಜನೆಯಲ್ಲಿ ಬಡ ಮಕ್ಕಳ ಓದು ಮತ್ತು ಲೆಕ್ಕದ ಅಂಕಗಳಲ್ಲಿ ಮುಂದೆ ಬಂದದ್ದು ಹೆಜ್ಜೆ ಹೆಜ್ಜೆಗೂ ಟೀಚರೇ ಹೇಳಿಕೊಡುವ ಪದ್ಧತಿ. ಈ ಫಲಿತಾಂಶದ ಬಗ್ಗೆ ವರ್ಷಗಟ್ಟಲೆ ಜಗಳ ನಡೆಯಿತು. ಆದರೂ ಅದನ್ನು ಮುಚ್ಚಿಟ್ಟು ಚಟುವಟಿಕೆಯ ಗುಣಗಾನ ಮಾಡುವುದು ಸರಿಯಲ್ಲ.

ಒಬ್ಬರೇ ಟೀಚರ್, ಮೂರು ನಾಲ್ಕು ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ. ಇಂಥ ಶಾಲೆಗಳಿಗೆ ದಾರಿ ಹುಡುಕಿದವರು ಕಾರ್ಡಿನ ಕಡೆ, ಅಂದರೆ ಮಗು ತಾನೇ ಮಾಡಬೇಕಾದ ಚಿಕ್ಕ ಚಿಕ್ಕ ಕೆಲಸ ಬರೆದ ಚೀಟಿಗಳ ಕಡೆ, ತಿರುಗಿದರು. ಕೊಲಂಬಿಯಾದ ಹಳ್ಳಿಗಳಲ್ಲಿ 1970ರ ದಶಕದಲ್ಲಿ ಮಕ್ಕಳು ತಮ್ಮ ವೇಗದಲ್ಲಿ ಕಲಿಯುವ ಕೈಪಿಡಿಗಳು ಬಂದವು. ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಯವರು ಸುತ್ತಲಿನ ಪುಟ್ಟ ಶಾಲೆಗಳಿಗಾಗಿ ಕಾರ್ಡು ಮತ್ತು 'ಕಲಿಕಾ ಏಣಿ' (ಯಾವ ಕಾರ್ಡಿನ ನಂತರ ಯಾವುದು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ) ಮಾಡಿದರು. ಅದನ್ನು ನೋಡಿಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುಮಾಡಿದರು. 2003ರಲ್ಲಿ ಚೆನ್ನೈ ಪಾಲಿಕೆಯ ಶಾಲೆಗಳೂ ಕಾರ್ಡಿನ ದಾರಿ ಹಿಡಿದವು. ಬೆಲ್ ಮರಳು ನೋಡಿದ ಅದೇ ಊರು!

ನಲಿ-ಕಲಿಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಒಂದು ಸಣ್ಣ ಸಂಗತಿ. ಅಕ್ಷರ ಕಲಿಕೆ ಅ, ಆ, ಇ, ಈ ಅಂತ ಹೋಗುವುದಿಲ್ಲ. ರ, ಗ, ಸ, ದ, ಅ ಅಂತ ಶುರುವಾಗುತ್ತದೆ. ಅಷ್ಟು ಐದು ಅಕ್ಷರ ಗೊತ್ತಾದರೆ ಸರ, ಅರಸ, ಅಗಸ, ಗರಗಸ ಓದಬಹುದು. ಐವತ್ತು ಅಕ್ಷರ ಮುಗಿಯುವ ತನಕ ಕಾಯಬೇಕಿಲ್ಲ. ಕಾರ್ಡು ಬರೆದವರು ಶಿಕ್ಷಕರೇ, ಹಾಗಾಗಿ ಮಗು ಎಲ್ಲಿ ಎಡವುತ್ತದೆ ಅಂತ ಅವರಿಗೆ ಗೊತ್ತಿತ್ತು. 2009-10ರಲ್ಲಿ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹೋಯಿತು. ಹಾಗೆ ಹೋಗುವಾಗ ಕಾರ್ಡು ಹೋಗುತ್ತದೆ, ಏಣಿಯ ಪಟ ಹೋಗುತ್ತದೆ. ಕಾರ್ಡು ಬರೆಯುವಾಗ ಶಿಕ್ಷಕರು ಆಡಿಕೊಂಡ ಮಾತು ಪೆಟ್ಟಿಗೆಯಲ್ಲಿ ಹಿಡಿಯುವುದಿಲ್ಲ. ಮಗು ಒಂದು ಮೆಟ್ಟಿಲು ದಾಟಿತು ಅಂತ ಗುರುತು ಹಾಕುವುದೇ ದಿನದ ಕೆಲಸವಾಗಿಬಿಡುವ ಅಪಾಯ ಇಲ್ಲೂ ಇದೆ. ಗಾಜಿಗೆ ಆದದ್ದೇ, ಘನಕ್ಕೆ ಆದದ್ದೇ.

ಕಡ್ಡಿ ಹಿಡಿದ ಹುಡುಗಿ ಇನ್ನೂ ಕೂತಿದ್ದಾಳೆ. ಟೀಚರ್ ಪಕ್ಕದಲ್ಲಿ ಕೂತು ಕೇಳುತ್ತಾರೆ: "ಈಗ ಒಂದು ಕಟ್ಟು ಹೊಸದಾಗಿ ಕಟ್ಟಿದೆಯಲ್ಲ ಪುಟ್ಟಿ, ಅದು ನಿನ್ನ ನೋಟ್‌ಬುಕ್ಕಿನಲ್ಲಿ ಎಲ್ಲಿದೆ?" ಹುಡುಗಿ 312 ನೋಡುತ್ತಾಳೆ. ಕಟ್ಟುಗಳನ್ನು ನೋಡುತ್ತಾಳೆ. ಹನ್ನೆರಡರ ಒಂದರ ಮೇಲೆ ಬೆರಳಿಡುತ್ತಾಳೆ. ಸ್ವಲ್ಪ ಹೊತ್ತು ಬೆರಳು ಅಲ್ಲೇ ಇರುತ್ತದೆ. ಆಮೇಲೆ ಅಳಿಸುವ ರಬ್ಬರ್ ಹುಡುಕಲು ಚೀಲಕ್ಕೆ ಕೈ ಹಾಕುತ್ತಾಳೆ.