ಇನ್ನೂ ಗಟ್ಟಿಯಾಗುತ್ತಲೇ ಇರುವ ಬಾನೆಟ್

1969ರಲ್ಲಿ ಅಮೆರಿಕದ ಪ್ಲಿಮತ್ ಕಂಪನಿ ತನ್ನ ರೋಡ್ ರನ್ನರ್ ಕಾರಿನ ಒಂದು ಒರಟು ಆವೃತ್ತಿಯನ್ನು ಮಾರುಕಟ್ಟೆಗೆ ಬಿಟ್ಟಿತು. 440 ಘನ ಇಂಚಿನ, ಅಂದರೆ ಸುಮಾರು 7.2 ಲೀಟರಿನ ಎಂಜಿನ್, ಅದರ ಮೇಲೆ ಸಾಲಾಗಿ ಮೂರು ಕಾರ್ಬ್ಯುರೇಟರ್, 390 ಅಶ್ವಶಕ್ತಿ. ಮೈಯೆಲ್ಲ ಉಕ್ಕಿನದಾದರೂ ಬಾನೆಟ್ ಮಾತ್ರ ಫೈಬರ್‌ಗ್ಲಾಸಿನದು. ಅದಕ್ಕೆ ಕೀಲುಗಳೇ ಇರಲಿಲ್ಲ. ನಾಲ್ಕು ಪಿನ್ನುಗಳ ಮೇಲೆ ಕೂರುತ್ತಿತ್ತು. ಎಂಜಿನ್ ನೋಡಬೇಕೆಂದರೆ ಪಿನ್ ಕಿತ್ತು, ಇಬ್ಬರು ಸೇರಿ ಬಾನೆಟ್ಟನ್ನು ಪೂರ್ತಿ ಎತ್ತಿ ಪಕ್ಕಕ್ಕಿಡಬೇಕು. ಬಣ್ಣ, ಹೊಳಪಿಲ್ಲದ ಕಪ್ಪು.

ಭಾರೀ ಎಂಜಿನ್ ಕೂರಿಸಿದ ಅಮೆರಿಕದ ಹಳೆಯ ‘ಮಸಲ್ ಕಾರು’ಗಳಲ್ಲಿ ಇಂಥ ಬಾನೆಟ್ ಹೊತ್ತವು ಹಲವು. ಫೋರ್ಡ್ 1964ರಲ್ಲಿ ನೇರ ಓಟದ ಸ್ಪರ್ಧೆಗೆಂದೇ ಮಾಡಿಸಿದ 100 ಥಂಡರ್‌ಬೋಲ್ಟ್‌ಗಳು, 1968ರ, ‘ಹೆಮಿ’ ಎಂಬ ಬಲಶಾಲಿ ಎಂಜಿನ್ನಿನ ಡಾಡ್ಜ್ ಡಾರ್ಟ್ ಮತ್ತು ಪ್ಲಿಮತ್ ಬರಾಕುಡಾ, 1970ರ ಓಲ್ಡ್ಸ್‌ಮೊಬೈಲ್ 442 ಡಬ್ಲ್ಯು-30. ಕಾಲು ಮೈಲಿಯ ಓಟದಲ್ಲಿ ಮೂತಿಯ ಭಾರ ಇಳಿಸಿದರೆ ಎರಡು ಲಾಭ: ಒಟ್ಟು ತೂಕ ಕಡಿಮೆ, ಉಳಿದ ತೂಕದಲ್ಲಿ ಹೆಚ್ಚಿನ ಪಾಲು ನೆಲವನ್ನು ತಳ್ಳುವ ಹಿಂಗಾಲಿಗಳ ಮೇಲೆ. ಆ ಕಾರುಗಳನ್ನು ಕಟ್ಟಿದವರು ಮುಂದಿನ ಓಟದ ಬಗ್ಗೆ ಯೋಚಿಸುತ್ತಿದ್ದರೇ ಹೊರತು ಐವತ್ತು ವರ್ಷದ ನಂತರ ಬಾನೆಟ್ಟಿನ ಅಂಚು ಫೆಂಡರಿಗೆ, ಅಂದರೆ ಮುಂಚಕ್ರದ ಮೇಲಿನ ಹೊದಿಕೆಗೆ, ಸರಿಯಾಗಿ ಕೂರುತ್ತದೆಯೇ ಎಂದು ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಆ ಚಿಂತೆ ಸಂಗ್ರಾಹಕರ ಪಾಲಿಗೆ ಬಂದಿದೆ. ಹಿಂಬದಿಯ ಮೂಲೆಗಳು ಗಾಳಿತಡೆ ಗಾಜಿನ ಬಳಿ ಮೇಲೆದ್ದಿರುತ್ತವೆ, ನಡುಭಾಗ ಉಬ್ಬಿರುತ್ತದೆ, ಇಲ್ಲವೇ ಕಣ್ಣನ್ನು ಮೇಲ್ಮೈಯ ಮಟ್ಟಕ್ಕೆ ತಂದು ನೋಡಿದರೆ ಪ್ರತಿಬಿಂಬವೆಲ್ಲ ಅಲೆಯಲೆಯಾಗಿರುತ್ತದೆ.

ಕಾರಣ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಎಂಜಿನ್ನಿನ ಬಿಸಿ.’ ಬಿಸಿಯ ಪಾತ್ರವಿದೆ, ಆದರೆ ಮುಖ್ಯ ಅಪರಾಧಿ ಅದಲ್ಲ ಎಂಬುದು ನನ್ನ ವಾದ. ಬಾನೆಟ್ಟಿನೊಳಗೆ ಮೊದಲೇ ಕೂತಿರುವ ಎರಡು ಬೇರೆ ಬೇರೆ ಬಾಗುಗಳನ್ನು ಬಿಸಿ ಹೊರಗೆಳೆಯುತ್ತದೆ, ಅಷ್ಟೆ. ಒಂದು ಹುಟ್ಟಿನ ಬಾಗು, ಇನ್ನೊಂದು ಬಾಳಿನ ಬಾಗು. ಇವೆರಡನ್ನು ಬೇರ್ಪಡಿಸದೆ ರಿಪೇರಿಗೆ ಕೈಹಾಕಿದರೆ ದುಡ್ಡು ದಂಡ.

ಮೊದಲು ಹುಟ್ಟು. ಫೈಬರ್‌ಗ್ಲಾಸ್ ಎಂದರೆ ಗಾಜಿನ ನೂಲೆಳೆಗಳನ್ನು ರೆಸಿನ್ ಎಂಬ ಅಂಟುದ್ರವದಲ್ಲಿ ಅದ್ದಿ ಗಟ್ಟಿ ಮಾಡಿದ ಹಾಳೆ. ಆ ಕಾಲದ ಬಾನೆಟ್‌ಗಳಲ್ಲಿ ಇದ್ದದ್ದು ಪಾಲಿಯೆಸ್ಟರ್ ರೆಸಿನ್. ಡಬ್ಬದಲ್ಲಿರುವಾಗ ಅದು ಮಂದ ದ್ರವ: ಉದ್ದನೆಯ ಪಾಲಿಯೆಸ್ಟರ್ ಅಣುಸರಪಳಿಗಳು ಸ್ಟೈರೀನ್ ಎಂಬ ತೆಳು ದ್ರವದಲ್ಲಿ ಕರಗಿರುತ್ತವೆ. ಸ್ಟೈರೀನಿನ ಪಾಲು ಸಾಮಾನ್ಯವಾಗಿ ಶೇಕಡ 35ರಿಂದ 45. ಇದಕ್ಕೆ ಶೇಕಡ ಒಂದೆರಡರಷ್ಟು ಪೆರಾಕ್ಸೈಡ್ ಬೆರೆಸಿದರೆ ಸ್ಟೈರೀನ್ ಅಣುಗಳು ಒಂದು ಸರಪಳಿಯಿಂದ ಇನ್ನೊಂದಕ್ಕೆ ಕೊಂಡಿ ಹಾಕಲು ತೊಡಗುತ್ತವೆ. ಕೊಂಡಿ ಬಿದ್ದಲ್ಲೆಲ್ಲ ಅಣುಗಳು ಮೊದಲಿಗಿಂತ ಹತ್ತಿರ ಸರಿಯುತ್ತವೆ. ಹೀಗೆ ರೆಸಿನ್ ಗಟ್ಟಿಯಾಗುವಾಗ ಅದರ ಗಾತ್ರ ಶೇಕಡ 7-8ರಷ್ಟು ಕುಗ್ಗುತ್ತದೆ. ಗಾಜು ಮಾತ್ರ ಒಂದಿಷ್ಟೂ ಕುಗ್ಗುವುದಿಲ್ಲ.

ಬಾನೆಟ್ಟಿನ ಅಡ್ಡಸೀಳಿಕೆಯನ್ನು ನೋಡಿದರೆ ಮುಂದಿನ ಕಥೆ ತಾನಾಗಿ ಗೊತ್ತಾಗುತ್ತದೆ. ಹೊರಮೈಯಲ್ಲಿ ನುಣುಪಿಗಾಗಿ ಬಳಿದ ಜೆಲ್‌ಕೋಟ್ ಎಂಬ ಪದರ. ಅದರಲ್ಲಿ ಗಾಜಿನ ಎಳೆಯೇ ಇಲ್ಲ. ಅದರ ಕೆಳಗೆ ಗಾಜಿನ ಚಾಪೆಯ ಪದರಗಳು. ಅಲ್ಲಿಯೂ ಕೈಯಿಂದ ರೋಲರ್ ಆಡಿಸಿದವನ ಶ್ರದ್ಧೆಗೆ ತಕ್ಕಂತೆ ಒಂದೆಡೆ ರೆಸಿನ್ ಹೆಚ್ಚು, ಒಂದೆಡೆ ಕಡಿಮೆ. ರೆಸಿನ್ ಹೆಚ್ಚಿದ್ದ ಕಡೆ ಕುಗ್ಗುವಿಕೆಯೂ ಹೆಚ್ಚು. ಬಿಸಿಲಿಗೆ ಹರವಿದ ಹಪ್ಪಳದ ಮೇಲ್ಮೈ ಮೊದಲು ಒಣಗಿ ಕುಗ್ಗಿದಾಗ ಅಂಚುಗಳು ಮೇಲಕ್ಕೆ ಸುರುಳುವುದು ಇದೇ ಕಾರಣಕ್ಕೆ: ಒಂದೇ ಹಾಳೆಯ ಎರಡು ಮುಖಗಳು ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಹಾಳೆಗೆ ಬಾಗದೆ ಬೇರೆ ದಾರಿಯಿಲ್ಲ.

ಇದಿಷ್ಟೇ ಆಗಿದ್ದರೆ ಬಾನೆಟ್ ಮೊದಲ ದಿನವೇ ಸೊಟ್ಟಗಾಗಿ, ಕಾರ್ಖಾನೆಯಲ್ಲೇ ತಿರಸ್ಕಾರಗೊಳ್ಳಬೇಕಿತ್ತು. ಹತ್ತಾರು ವರ್ಷ ತೆಗೆದುಕೊಳ್ಳುವುದೇಕೆ? ರೆಸಿನ್ ಗಟ್ಟಿಯಾಗುವ ಕ್ರಿಯೆ ಅರ್ಧ ದಾರಿಯಲ್ಲಿ ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುತ್ತದೆ. ಕೊಂಡಿಗಳು ಹೆಚ್ಚಿದಂತೆ ಜಾಲ ಬಿಗಿಯಾಗುತ್ತದೆ. ಬಿಗಿಯಾದಂತೆ ಇನ್ನೂ ಜೊತೆ ಸಿಗದ ಸ್ಟೈರೀನ್ ಅಣುಗಳಿಗೆ ಅಲುಗಾಡಲು ಜಾಗವಿಲ್ಲ. ಕೋಣೆಯ ತಾಪಮಾನದಲ್ಲಿ ಗಟ್ಟಿಯಾದ ಪಾಲಿಯೆಸ್ಟರ್ ಮುಟ್ಟಿದರೆ ಕಲ್ಲಿನಂತಿರಬಹುದು, ಆದರೆ ಒಳಗೆ ಕೆಲಸ ಮುಗಿದಿರುವುದಿಲ್ಲ. ಸಿಕ್ಕಿಬಿದ್ದ ಅಣುಗಳಿಗೆ ಬಿಸಿ ತಗುಲಿದರೆ ಮತ್ತೆ ಚಲನೆ ಬರುತ್ತದೆ, ಹೊಸ ಕೊಂಡಿಗಳು ಬೀಳುತ್ತವೆ, ಹೊಸದಾಗಿ ಕುಗ್ಗುತ್ತದೆ. ಜೊತೆ ಸಿಗದ ಒಂದಿಷ್ಟು ಸ್ಟೈರೀನ್ ಆವಿಯಾಗಿ ಹೋಗುವುದೂ ಉಂಟು. ಹೊಸ ಫೈಬರ್‌ಗ್ಲಾಸಿನ ಮೂಗು ಕಟ್ಟುವ ವಾಸನೆ ಅದರದೇ. ಅದು ಬಿಟ್ಟುಹೋದ ಜಾಗವೂ ಕುಗ್ಗುತ್ತದೆ. ಅಂದರೆ ಮಾಲೀಕ ಕಾರನ್ನು ಬಿಸಿಲಲ್ಲಿ ನಿಲ್ಲಿಸಿದಾಗಲೆಲ್ಲ ಕಾರ್ಖಾನೆಯವರು ಅರ್ಧಕ್ಕೆ ಬಿಟ್ಟ ಕೆಲಸ ಮುಂದುವರಿಯುತ್ತಿರುತ್ತದೆ, ಈ ಸಲ ಅಚ್ಚಿನ ಆಸರೆಯಿಲ್ಲದೆ. ಕನ್ನಡಿಯಂತೆ ಪಾಲಿಶ್ ಮಾಡಿದ ಬಣ್ಣದ ಮೇಲೆ ಎರಡು ಬೇಸಿಗೆ ಕಳೆದ ಮೇಲೆ ಗಾಜಿನ ಎಳೆಗಳ ಜಾಡು ಮೂಡುವುದೂ ಇದರಿಂದಲೇ. ಎಳೆಗಳ ನಡುವಿನ ರೆಸಿನ್ ಇನ್ನಷ್ಟು ತಗ್ಗಿರುತ್ತದೆ.

ಈ ಕೆಲಸವನ್ನು ಅರ್ಧಕ್ಕೆ ಬಿಡುವುದೇಕೆಂದರೆ ಅವಸರ. ಉಕ್ಕಿನ ಹಾಳೆಯನ್ನು ಒತ್ತುವ ಅಚ್ಚುಗಳಿಗೆ ಅಪಾರ ಹಣ ಬೇಕು. ಲಕ್ಷಗಟ್ಟಲೆ ಕಾರು ಮಾರಿದರಷ್ಟೇ ಅದು ಗಿಟ್ಟುತ್ತದೆ. ನೂರಾರು ಬಾನೆಟ್‌ಗೆ ಫೈಬರ್‌ಗ್ಲಾಸೇ ಗತಿ. ನಮ್ಮ ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಹುಟ್ಟಿದ ಮೂರು ಚಕ್ರದ ಬಾದಲ್, ಆಮೇಲೆ ಬಂದ ಸಿಪಾನಿ ಡಾಲ್ಫಿನ್ ಎರಡೂ ಫೈಬರ್‌ಗ್ಲಾಸ್ ಮೈ ಹೊತ್ತದ್ದರ ಹಿಂದೆಯೂ ಇದೇ ಲೆಕ್ಕಾಚಾರವನ್ನು ಕಾಣಬಹುದು. ಫೈಬರ್‌ಗ್ಲಾಸಿನ ಅಚ್ಚು ಅಗ್ಗ, ಆದರೆ ಒಂದು ಅಚ್ಚಿನಿಂದ ದಿನಕ್ಕೆ ತೆಗೆಯಬಹುದಾದ ಬಾನೆಟ್‌ಗಳು ಬೆರಳೆಣಿಕೆಯಷ್ಟು. ಹಾಗಾಗಿ ಹಸಿ ಇರುವಾಗಲೇ ಕಿತ್ತು ಗೋಡೆಗೆ ಒರಗಿಸಿ, ಅಚ್ಚಿಗೆ ಮುಂದಿನದನ್ನು ಹಾಕುವ ಆಸೆ ಯಾರಿಗಾದರೂ ಬರುತ್ತದೆ. ಹಳೆಯ ಕಾರುಗಳಿಗೆ ಬದಲಿ ಬಾನೆಟ್ ಮಾಡುವ ಸಣ್ಣ ಕಾರ್ಖಾನೆಗಳಲ್ಲಿ ಈ ಆಸೆ ಇನ್ನೂ ಹೆಚ್ಚು.

ಈಗ ಬಾಳಿನ ಬಾಗು. ಉಕ್ಕು ಕರಗುವುದು ಸುಮಾರು 1,500 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಎಂಜಿನ್ ಮೇಲಿನ 80-90 ಡಿಗ್ರಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆದರೆ ಕೋಣೆಯ ತಾಪದಲ್ಲಿ ಗಟ್ಟಿಯಾದ ಸಾಮಾನ್ಯ ಪಾಲಿಯೆಸ್ಟರ್ 60-70 ಡಿಗ್ರಿಯ ಸುಮಾರಿಗೇ ಮೆದುವಾಗತೊಡಗುತ್ತದೆ. ಕಪ್ಪು ಬಾನೆಟ್ ಬೇಸಿಗೆಯ ಬಿಸಿಲೊಂದರಿಂದಲೇ ಅಲ್ಲಿಗೆ ಮುಟ್ಟಬಲ್ಲದು. ಓಡಿ ಬಂದು ಎಂಜಿನ್ ನಿಲ್ಲಿಸಿದ ಮೇಲಿನ ಸಮಯ ಇನ್ನೂ ಕೆಟ್ಟದ್ದು: ಫ್ಯಾನ್ ನಿಂತಿದೆ, ಗಾಳಿ ಹರಿಯುತ್ತಿಲ್ಲ, ನಿಗಿನಿಗಿ ಕಾದ ಎಕ್ಸಾಸ್ಟ್ ಕೊಳವೆಗಳ ಬಿಸಿಯೆಲ್ಲ ನೇರ ಮೇಲಕ್ಕೆ ಏರುತ್ತದೆ.

ಮೆದುವಾದ ಮಾತ್ರಕ್ಕೆ ಬಾಗುವುದಿಲ್ಲ, ಯಾರಾದರೂ ತಳ್ಳುತ್ತಿರಬೇಕು. ತಳ್ಳುವವರು ಕೀಲಿನ ಸ್ಪ್ರಿಂಗ್‌ಗಳು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಕಡೆಗಣಿಸಲ್ಪಟ್ಟ ಸಂಗತಿ ಇದು. ಆ ಕಾಲದ ಕಾರುಗಳಲ್ಲಿ ಬಾನೆಟ್ ಎತ್ತಿದಾಗ ತಾನಾಗಿ ನಿಲ್ಲಲೆಂದು ಹಿಂಬದಿಯ ಎರಡೂ ಕೀಲುಗಳಿಗೆ ದಪ್ಪನೆಯ ಸ್ಪ್ರಿಂಗ್ ಇರುತ್ತಿತ್ತು. ಅವನ್ನು ಲೆಕ್ಕ ಹಾಕಿದ್ದು ಭಾರವಾದ ಉಕ್ಕಿನ ಬಾನೆಟ್ಟಿಗೆ. ಅದೇ ಕೀಲುಗಳ ಮೇಲೆ ಹಗುರವಾದ ಫೈಬರ್‌ಗ್ಲಾಸ್ ಕೂರಿಸಿ ಮುಚ್ಚಿದರೆ, ಮುಂದೆ ಲಾಕ್ ಕೆಳಕ್ಕೆ ಹಿಡಿದಿರುತ್ತದೆ, ಹಿಂದೆ ಸ್ಪ್ರಿಂಗ್‌ಗಳು ಮೂಲೆಗಳನ್ನು ಮೇಲಕ್ಕೆ ಒತ್ತುತ್ತಲೇ ಇರುತ್ತವೆ. ಕಾರು ಓಡುವಾಗಷ್ಟೇ ಅಲ್ಲ. ರಾತ್ರಿ, ಚಳಿಗಾಲ, ವರ್ಷಗಟ್ಟಲೆ ಗ್ಯಾರೇಜಿನಲ್ಲಿ ನಿಂತಾಗಲೂ. ಪ್ಲಾಸ್ಟಿಕ್ಕಿನಂಥ ವಸ್ತುಗಳ ಸ್ವಭಾವವೇ ಹಾಗೆ: ಸಣ್ಣ ಒತ್ತಡವಾದರೂ ಬಿಡದೆ ಇದ್ದರೆ ಅಣುಸರಪಳಿಗಳು ಒಂದರ ಪಕ್ಕ ಒಂದು ಮೆಲ್ಲನೆ ಸರಿದು ಒತ್ತಡಕ್ಕೆ ಒಗ್ಗಿಕೊಳ್ಳುತ್ತವೆ. ಎಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ. ಬಿಸಿಯಾದಷ್ಟೂ ಅದರ ವೇಗ ಹೆಚ್ಚು. ಪ್ಲಿಮತ್‌ನ ಕೀಲಿಲ್ಲದ ಬಾನೆಟ್ಟಿಗೆ ಈ ಕಾಟ ಇರಲಿಲ್ಲ ಎನ್ನುವುದು ನಿಜ. ಆದರೆ ಎತ್ತಿ ಗೋಡೆಗೆ ಓರೆಯಾಗಿ ಒರಗಿಸಿ ತಿಂಗಳುಗಟ್ಟಲೆ ಮರೆತರೆ ಅದರ ಸ್ವಂತ ತೂಕವೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ.

ಹಾಗಾದರೆ ದಪ್ಪಗೆ ಮಾಡಬಾರದಿತ್ತೇ? ಇಲ್ಲಿ ಒಂದು ಸಣ್ಣ ಲೆಕ್ಕ. ಹಾಳೆಯೊಂದು ಬಾಗುವಿಕೆಯನ್ನು ತಡೆಯುವ ಶಕ್ತಿ ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ಉಕ್ಕು ಈ ಬಗೆಯ ಫೈಬರ್‌ಗ್ಲಾಸಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಬಿರುಸು, ಐದು ಪಟ್ಟು ಭಾರ. 0.8 ಮಿಲಿಮೀಟರ್ ಉಕ್ಕಿನ ಹಾಳೆಗೆ ಬದಲಾಗಿ 2 ಮಿಲಿಮೀಟರ್ ಫೈಬರ್‌ಗ್ಲಾಸ್ ಹಾಕಿದರೆ ತೂಕ ಅರ್ಧಕ್ಕಿಳಿಯುತ್ತದೆ, ಬಾಗುವಿಕೆ ತಡೆಯುವ ಶಕ್ತಿಯೂ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 3 ಮಿಲಿಮೀಟರ್ ಮಾಡಿದರೆ ಉಕ್ಕಿಗಿಂತ ಗಟ್ಟಿ, ಆದರೆ ತೂಕದ ಉಳಿತಾಯ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಓಟಕ್ಕೆ ಹೊರಟವನು ಯಾವುದನ್ನು ಆರಿಸುತ್ತಾನೆಂದು ಹೇಳಬೇಕಿಲ್ಲ. ಉಕ್ಕಿನ ಬಾನೆಟ್ಟಿನ ಅಡಿಯಲ್ಲಿರುವ ಒತ್ತಿದ ಚೌಕಟ್ಟನ್ನೂ ಹಲವರು ತೂಕದ ಹೆಸರಿನಲ್ಲಿ ಕೈಬಿಟ್ಟರು.

ಚೌಕಟ್ಟು ಉಳಿಸಿಕೊಂಡವರದ್ದು ಇನ್ನೊಂದು ಪೇಚು. 1965ರ ಶೆಲ್ಬಿ ಜಿಟಿ350 ಕಾರುಗಳ ಫೈಬರ್‌ಗ್ಲಾಸ್ ಬಾನೆಟ್‌ಗಳಲ್ಲಿ ಹಲವಕ್ಕೆ ಅಡಿಯಲ್ಲಿ ಉಕ್ಕಿನ ಚೌಕಟ್ಟಿತ್ತು. ಕಾದಾಗ ಫೈಬರ್‌ಗ್ಲಾಸ್ ಉಕ್ಕಿನ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಒಂದೂವರೆ ಮೀಟರ್ ಉದ್ದದ ಬಾನೆಟ್ಟಿನ ತಾಪ 60 ಡಿಗ್ರಿಯಷ್ಟು ಏರಿತೆನ್ನಿ: ಉಕ್ಕು ಸುಮಾರು 1.1 ಮಿಲಿಮೀಟರ್ ಉದ್ದವಾದರೆ ಫೈಬರ್‌ಗ್ಲಾಸ್ 2.5. ವ್ಯತ್ಯಾಸ 1.4 ಮಿಲಿಮೀಟರ್, ಕೇಳಿದರೆ ನಗು ಬರುವಷ್ಟು ಸಣ್ಣದು. ಆದರೆ ಎರಡೂ ತುದಿ ಅಲುಗದಂತೆ ಹಿಡಿದಿಟ್ಟ ಚಪ್ಪಟೆ ಹಾಳೆಯಲ್ಲಿ ಅಷ್ಟು ಹೆಚ್ಚುವರಿ ಉದ್ದ ಬಿಲ್ಲಿನಂತೆ ಎದ್ದರೆ ನಡುವಿನ ಎತ್ತರ ಸುಮಾರು 28 ಮಿಲಿಮೀಟರ್ ಆಗುತ್ತದೆ! ನಿಜವಾದ ಬಾನೆಟ್ಟಿನಲ್ಲಿ ಅಂಟು ಸ್ವಲ್ಪ ಎಳೆಯುತ್ತದೆ, ಚೌಕಟ್ಟು ಸ್ವಲ್ಪ ಬಳುಕುತ್ತದೆ, ಉಬ್ಬು ಅಷ್ಟಾಗುವುದಿಲ್ಲ. ಆದರೂ ದಿನವೂ ಏರಿಳಿಯುವ ಈ ಜಗ್ಗಾಟದಲ್ಲಿ ಪ್ರತಿ ಸಲ ಒಂದಿಷ್ಟು ಮರಳಿ ಬಾರದೆ ಉಳಿಯುತ್ತದೆ. ತೇವ, ಬಿಸಿಲಿನ ನೇರಳಾತೀತ ಕಿರಣಗಳು ಇವೂ ರೆಸಿನ್ನನ್ನು ದುರ್ಬಲಗೊಳಿಸುತ್ತವೆ, ಆದರೆ ಬಣ್ಣ ಬಳಿದ ಬಾನೆಟ್ಟಿನಲ್ಲಿ ಅವುಗಳದ್ದು ಚಿಲ್ಲರೆ ಪಾಲು.

ಇದೆಲ್ಲ ಫೈಬರ್‌ಗ್ಲಾಸಿನ ಹಣೆಬರಹವೇನಲ್ಲ ಎನ್ನುವುದಕ್ಕೆ ಷೆವ್ರೊಲೆ ಕಾರ್ವೆಟ್ ಇದೆ. 1953ರಲ್ಲಿ ಮಿಷಿಗನ್‌ನ ಫ್ಲಿಂಟ್‌ನಲ್ಲಿ 300 ಕಾರುಗಳೊಂದಿಗೆ ಶುರುವಾದ ಅದರ ಮೈ ಪೂರ್ತಿ ಫೈಬರ್‌ಗ್ಲಾಸ್. ಸಂಖ್ಯೆ ಬೆಳೆದಂತೆ ಅಲ್ಲಿ ಎರಡು ಲೋಹದ ಅಚ್ಚುಗಳ ನಡುವೆ ಬಿಸಿಯಾಗಿ ಒತ್ತಿ ತೆಗೆಯುವ ವಿಧಾನ ಬಂತು. ರೆಸಿನ್ ಅಚ್ಚಿನೊಳಗೇ ಬಹುಪಾಲು ಕೆಲಸ ಮುಗಿಸಿ ಹೊರಬರುತ್ತಿತ್ತು. 1970ರ ದಶಕದಲ್ಲಿ ರೆಸಿನ್ನಿಗೆ ಮೊದಲೇ ಗಾಜು ಬೆರೆಸಿಟ್ಟ ಹಾಳೆಗಳು ಬಂದವು. ಇಂಥ ಹಾಳೆಗಳ ರೆಸಿನ್ನಿನಲ್ಲಿ ಬೇರೊಂದು ಪ್ಲಾಸ್ಟಿಕ್ಕನ್ನೂ ಸೇರಿಸುತ್ತಾರೆ. ಗಟ್ಟಿಯಾಗುವಾಗ ಅದು ರೆಸಿನ್ನಿನಿಂದ ಬೇರ್ಪಟ್ಟು ಒಳಗೊಳಗೇ ಅತಿ ಸಣ್ಣ ಪೊಳ್ಳುಗಳನ್ನು ಉಂಟುಮಾಡಿ ಕುಗ್ಗುವಿಕೆಯನ್ನು ಹೆಚ್ಚುಕಡಿಮೆ ಸರಿದೂಗಿಸಿಬಿಡುತ್ತದೆ. ಜಾಣತನದ ಕೆಲಸವೆಂದರೆ ಇದು.

ಹಳೆಯ ಬಾನೆಟ್ ಇರುವವರು ಮೊದಲು ಮಾಡಬೇಕಾದದ್ದು ಸ್ಪ್ರಿಂಗ್ ಕಳಚಿ ಊರುಗೋಲಿನ ಕಂಬಿ ಹಾಕುವುದು, ಅಥವಾ ಹಗುರ ಸ್ಪ್ರಿಂಗ್ ತರುವುದು. ಹೊಸ ಬದಲಿ ಬಾನೆಟ್ ತಂದರೆ ಬಣ್ಣಕ್ಕೆ ಅವಸರ ಬೇಡ: ಸಂದುಗಳೆಲ್ಲ ಸರಿ ಕೂರುವಂತೆ ಕಾರಿನ ಮೇಲೇ ಬಿಗಿದು ಕೆಲವು ವಾರ ಬಿಸಿಲಿಗೆ ಬಿಟ್ಟರೆ ಉಳಿದ ಕುಗ್ಗುವಿಕೆ ಸರಿಯಾದ ಆಕಾರದಲ್ಲೇ ನಡೆಯುತ್ತದೆ. ಈಗಾಗಲೇ ಬಾಗಿದ್ದರೆ ಯಾವ ಬಾಗು ಎಂದು ಪರೀಕ್ಷಿಸಬೇಕು. ಸ್ಪ್ರಿಂಗ್ ಎಬ್ಬಿಸಿದ ಮೂಲೆಗಳನ್ನು ಚೌಕಟ್ಟಿಗೆ ಕಟ್ಟಿ, 60-80 ಡಿಗ್ರಿಯಲ್ಲಿ ಹಲವು ಗಂಟೆ ನಿಧಾನವಾಗಿ ಕಾಯಿಸಿ, ಕಟ್ಟಿದ ಸ್ಥಿತಿಯಲ್ಲೇ ಆರಲು ಬಿಟ್ಟರೆ ಬಹಳಷ್ಟು ಹಿಂದಿರುಗುತ್ತವೆ, ಏಕೆಂದರೆ ಮೆದುವಾದ ಜಾಲ ತಾನು ಗಟ್ಟಿಯಾದಾಗಿನ ಆಕಾರಕ್ಕೆ ಮರಳಲು ಹವಣಿಸುತ್ತದೆ. ಹುಟ್ಟಿನ ಬಾಗಿಗೆ ಇದೇ ಗುಣ ಶತ್ರು. ಅಲ್ಲಿ ಜಾಲಕ್ಕೆ ಗೊತ್ತಿರುವುದೇ ಸೊಟ್ಟ ಆಕಾರ. ಮೇಲೆ ಮರಳಿನ ಚೀಲ ಹೇರಿ ಬಿಸಿಲಿಗಿಟ್ಟು ನೇರ ಮಾಡಿದ್ದು ಮುಂದಿನ ಬೇಸಿಗೆಯ ಹೊತ್ತಿಗೆ ಮತ್ತೆ ಎದ್ದಿರುತ್ತದೆ. ಅಂಥದ್ದಕ್ಕೆ ಒಳಗಿನಿಂದ ಫೈಬರ್‌ಗ್ಲಾಸಿನದೇ ಪಟ್ಟಿಗಳನ್ನು ಅಂಟಿಸಿ ಬಲಪಡಿಸಬೇಕು, ಇಲ್ಲವೇ ಬೇರೆ ಬಾನೆಟ್ ಹುಡುಕಬೇಕು.